ಎದೆಯೊಳಗೆ ಗುಳುಗುಳು ಸದ್ದೇ? ವಪೆಯ ಹರಕು ಮತ್ತು ದುರ್ಬೀನ್ ಶಸ್ತ್ರಚಿಕಿತ್ಸೆ



ಎದೆಗೂ ಹೊಟ್ಟೆಗೂ ನಡುವೆ ಮಾಂಸದ ತೆಳುವಾದ ಒಂದು ಪರದೆ ಇದೆ. ಇದೇ ವಪೆ (ಡಯಾಫ್ರಾಂ). ನಾವು ಉಸಿರಾಡುವುದು ಮುಖ್ಯವಾಗಿ ಇದರ ಬಲದಿಂದ. ಇದರಲ್ಲಿ ತೂತು ಬಿದ್ದರೆ ಜಠರ, ಕರುಳು ಮೇಲೆ ಸರಿದು ಎದೆಗೂಡು ಸೇರುತ್ತವೆ. ಕೆಲವರಿಗೆ ಈ ತೂತು ಹುಟ್ಟಿನಿಂದಲೇ ಇರುತ್ತದೆ.

ಕಾಯಿಲೆ ಅಪರೂಪದ್ದು ನಿಜ. ಆದರೂ ಯಂಕಂಚಿ, ಸಿಂದಗಿ, ಇಂಡಿ ಕಡೆಯ ರೈತಾಪಿ ಜನರು ಇದನ್ನು ತಿಳಿದಿರಬೇಕು. ಟ್ರ್ಯಾಕ್ಟರ್ ಮಗುಚಿದಾಗ, ಬೈಕಿನಿಂದ ಬಿದ್ದಾಗ, ಎತ್ತು ತಿವಿದಾಗ ವಪೆ ಹರಿಯಬಹುದು. ಎಡಗಡೆ ಹರಿಯುವುದೇ ಹೆಚ್ಚು. ಬಲಗಡೆ ಲಿವರ್ ಅಡ್ಡವಿದೆ. ಮೇಲಿನ ಗಾಯ ಮಾಯುತ್ತದೆ, ಒಳಗಿನ ಹರಕು ಉಳಿದು ವರ್ಷಗಳ ಮೇಲೆ ಕಾಡುತ್ತದೆ.

ಉಂಡ ಮೇಲೆ ದಮ್ಮು, ಎದೆಭಾರ, ವಾಂತಿ, ಎದೆಯೊಳಗೆ ಗುಳುಗುಳು ಸದ್ದು ಇದರ ಲಕ್ಷಣಗಳು. ಬಹಳ ಜನ ಗ್ಯಾಸ್ ಎಂದು ಸೋಡಾ ಕುಡಿದು ದಿನ ತಳ್ಳುತ್ತಾರೆ. ಎಕ್ಸ್-ರೇಯಲ್ಲಿ ಕೆಲವೊಮ್ಮೆ ಎದೆಯಲ್ಲಿ ನೀರು ತುಂಬಿದಂತೆ ಕಾಣುತ್ತದೆ. ನೀರೆಂದು ಸೂಜಿ ಹಾಕಿದರೆ ಅದು ಜಠರಕ್ಕೇ ಚುಚ್ಚೀತು! ಆದ್ದರಿಂದ ಹತ್ತು ವರ್ಷದ ಹಿಂದಿನ ಪೆಟ್ಟಾದರೂ ಸರಿ, ವೈದ್ಯರಿಗೆ ತಪ್ಪದೇ ಹೇಳಿ. ಸಾಮಾನ್ಯವಾಗಿ ಸಿ.ಟಿ. ಸ್ಕ್ಯಾನ್‌ನಲ್ಲಿ ಹರಕು ಗೊತ್ತಾಗುತ್ತದೆ.

ದುರ್ಬೀನ್ (ಲ್ಯಾಪ್ರೊಸ್ಕೋಪಿ) ಎಂದರೆ ನಮ್ಮ ತಾಯಂದಿರಿಗೆ ಸಂತಾನಹರಣ ಶಿಬಿರ ನೆನಪಾಗುತ್ತದೆ. ಉಪಕರಣ ಅದೇ ಜಾತಿಯದು, ಕೆಲಸ ಮಾತ್ರ ದೊಡ್ಡದು. ಪೂರ್ತಿ ಅರಿವಳಿಕೆ ಕೊಟ್ಟು, ಹೊಟ್ಟೆಗೆ ಗ್ಯಾಸ್ ತುಂಬಿ, 5ರಿಂದ 12 ಮಿ.ಮೀ.ನ ನಾಲ್ಕೈದು ರಂಧ್ರಗಳ ಮೂಲಕ ಕರುಳನ್ನು ಕೆಳಗಿಳಿಸಿ ತೂತು ಹೊಲಿಯುತ್ತಾರೆ. ತೂತು ದೊಡ್ಡದಿದ್ದರೆ ಜಾಳಿಗೆ (ಮೆಶ್) ಕೂಡಿಸುತ್ತಾರೆ. ನೋವು ಕಡಿಮೆ, ಕಾಯಕಕ್ಕೆ ಬೇಗ ಮರಳಬಹುದು. ಆದರೆ ಕರುಳು ಕೊಳೆತಿದ್ದರೆ, ಒಳಗೆ ಬಹಳ ಅಂಟಿಕೊಂಡಿದ್ದರೆ ಹೊಟ್ಟೆ ತೆರೆಯಲೇಬೇಕಾದೀತು. ಒಪ್ಪಿಗೆ ಪತ್ರದಲ್ಲಿ ಇದನ್ನೂ ಕೇಳಿ ತಿಳಿದೇ ಸಹಿ ಮಾಡಿ.

ಬೀಡಿ, ಗುಟಕಾ ಮೊದಲೇ ಬಿಡಿ, ವೈದ್ಯರಿಂದ ಮುಚ್ಚಿಡಬೇಡಿ. ಆಪರೇಶನ್ ಆದ ಒಂದೆರಡು ದಿನ ಹೆಗಲು ನೋಯುತ್ತದೆ. ಅದು ಒಳಗುಳಿದ ಗ್ಯಾಸಿನ ನೋವು, ಗಾಬರಿ ಬೇಡ. ಸಿಸ್ಟರ್ ಕೊಡುವ ಮೂರು ಗುಂಡಿನ ಉಪಕರಣದಲ್ಲಿ ಉಸಿರು ಎಳೆಯಿರಿ. ಕೆಮ್ಮುವಾಗ ಹೊಟ್ಟೆಗೆ ದಿಂಬು ಒತ್ತಿಕೊಳ್ಳಿ. ಮೊದಲು ಗಂಜಿ, ಮೆತ್ತನೆಯ ಅನ್ನ ಸ್ವಲ್ಪ ಸ್ವಲ್ಪವೇ ಉಣ್ಣಿ. ರೊಟ್ಟಿ ವೈದ್ಯರು ಹೇಳಿದ ಮೇಲೆ. ಸುಮಾರು ಆರು ವಾರ ತುಂಬಿದ ಕೊಡ, ಚೀಲ ಎತ್ತಬಾರದು.

ಎದೆ ಅಥವಾ ಮೇಲ್ಹೊಟ್ಟೆಯಲ್ಲಿ ಒಮ್ಮೆಲೇ ಜೋರು ನೋವು, ಓಕರಿಕೆ ಇದ್ದೂ ವಾಂತಿಯಾಗದಿರುವುದು, ದಮ್ಮು ಕಂಡರೆ ಒಳಗೆ ಜಠರ ತಿರುಚಿರಬಹುದು. ಬೆಳಗಾಗಲೆಂದು ಕಾಯಬೇಡಿ, ನೀರೂ ಕುಡಿಸಬೇಡಿ, 108ಕ್ಕೆ ಫೋನ್ ಮಾಡಿ. ಬರುವಾಗ ರೇಷನ್ ಕಾರ್ಡ್, ಆಧಾರ್, ಹಳೆಯ ಎಕ್ಸ್-ರೇಗಳು ಜೊತೆಗಿರಲಿ.