ಫೀಸ್ ಕಟ್ಟಿದರೆ ಮುಗಿಯಲಿಲ್ಲ, ಮೆಂಟರನ್ನೂ ಒಮ್ಮೆ ಕಾಣಿ

ನಮ್ಮ ಮೊಹಲ್ಲಾದ ಹುಡುಗನೊಬ್ಬ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾನೆ. ಗಲ್ಫ್‌ನಲ್ಲಿರುವ ಉಪ್ಪ ಒಂದು ಸಲವೂ ತಪ್ಪದೆ ಫೀಸ್ ಕಳುಹಿಸಿದ್ದಾರೆ. "ಓದು ಹೇಗಾಗ್ತಿದೆ ಮೋನೆ?" ಎಂದು ಉಮ್ಮ ಕೇಳಿದಾಗಲೆಲ್ಲ "ಚೆನ್ನಾಗಿದೆ ಉಮ್ಮಾ" ಎಂಬ ಉತ್ತರ. ಕಾಲೇಜಿನಿಂದ ಫೋನ್ ಬಂದ ಮೇಲೆಯೇ ಗೊತ್ತಾದದ್ದು, ಆರು ವಿಷಯ ಬಾಕಿ ಇದೆ ಎಂದು. ಉಪ್ಪನಿಗೆ ಹೆದರಿ ಅವನು ಯಾರಿಗೂ ಹೇಳಿರಲಿಲ್ಲ.

ಆ ತಾಯಿಯ ಜೊತೆ ನಾವೂ ಕಾಲೇಜಿಗೆ ಹೋದೆವು. ಅವನ ಮೆಂಟರ್ ಮೇಡಂ ಗದರಲಿಲ್ಲ. "ಮೊದಲ ವರ್ಷ ಗಣಿತದಲ್ಲಿ ಫೇಲಾದಾಗಲೇ ನೀವು ಬಂದಿದ್ದರೆ ಇಷ್ಟು ಆಗ್ತಿರಲಿಲ್ಲ" ಎಂದರು ಅಷ್ಟೆ.

ಮೆಂಟರ್ ಅಂದರೆ ಯಾರು? ಕೆಲವು ಕಡೆ ಪ್ರಾಕ್ಟರ್ ಎನ್ನುತ್ತಾರೆ. ಹಾಜರಿ, ಇಂಟರ್ನಲ್ಸ್, ಬಾಕಿ ವಿಷಯ, ಮುಂದೆ ಯಾವ ವಿಷಯ ತೆಗೆದುಕೊಳ್ಳಬೇಕು ಎಂಬುದನ್ನೆಲ್ಲ ನೋಡಿಕೊಳ್ಳುವ ಉಪನ್ಯಾಸಕರು. ನಮ್ಮಲ್ಲಿ ಹೆಚ್ಚಿನ ಮನೆಗಳಿಗೆ ಅವರ ಹೆಸರೇ ಗೊತ್ತಿಲ್ಲ.

ವಿಟಿಯುವಿನ 2022ರ ಸ್ಕೀಮ್‌ನಲ್ಲಿ ನಾಲ್ಕು ವರ್ಷಕ್ಕೆ 160 ಕ್ರೆಡಿಟ್ ಆಗಬೇಕು. ಹಾಜರಿ ಶೇ. 85 ಬೇಕು. ಇಂಟರ್ನಲ್ಸ್‌ನಲ್ಲಿ 50ಕ್ಕೆ ಕನಿಷ್ಠ 20 ಬಾರದಿದ್ದರೆ ಆ ವಿಷಯದ ಪರೀಕ್ಷೆಗೆ ಕೂರುವಂತಿಲ್ಲ. ಅಂದರೆ ಸೋಲು ಪರೀಕ್ಷೆಯ ದಿನ ಬರುವುದಲ್ಲ, ಎರಡು ತಿಂಗಳು ಮೊದಲೇ ಬಂದು ಬಾಗಿಲಲ್ಲಿ ನಿಂತಿರುತ್ತದೆ. ಸ್ವಾಯತ್ತ ಕಾಲೇಜುಗಳ ನಿಯಮ ಸ್ವಲ್ಪ ಬೇರೆ ಇರಬಹುದು, ಅಲ್ಲೇ ಕೇಳಿಕೊಳ್ಳಿ.

ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರುವ ಮಕ್ಕಳು ನಮ್ಮಲ್ಲಿ ಬಹಳ. ಕೈಕೆಲಸದಲ್ಲಿ ಅವರು ಮುಂದು, ಗಣಿತದಲ್ಲಿ ಹೆಣಗುತ್ತಾರೆ. ಅಂಥವರು ಮೊದಲ ತಿಂಗಳೇ ಮೆಂಟರ್ ಬಳಿ ಹೋಗಬೇಕು.

ಇನ್ನು ಎಲೆಕ್ಟಿವ್. ಗೆಳೆಯ ತೆಗೆದ, ನಾನೂ ತೆಗೆದೆ ಎಂದರೆ ಆಗದು. ಮುಂದೆ ಯಾವ ಕೆಲಸಕ್ಕೆ ಹೋಗಬೇಕು, ಎಂ.ಟೆಕ್ ಮಾಡಬೇಕೇ ಎಂದು ನೋಡಿ ಆರಿಸಬೇಕು. ಕ್ಯಾಂಪಸ್‌ಗೆ ಬರುವ ಎಷ್ಟೋ ಕಂಪೆನಿಗಳು ಬಾಕಿ ವಿಷಯ ಇರುವವರನ್ನು ಸಂದರ್ಶನಕ್ಕೇ ಕರೆಯುವುದಿಲ್ಲ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ ಪಡೆದವರು ಅದನ್ನು ಪ್ರತಿ ವರ್ಷ ನವೀಕರಿಸಬೇಕು ಎಂಬುದೂ ನೆನಪಿರಲಿ.

ಹಾಗಾಗಿ ಪ್ರತಿ ಸೆಮಿಸ್ಟರ್‌ಗೆ ಒಮ್ಮೆಯಾದರೂ ಮಗ ಅಥವಾ ಮಗಳ ಜೊತೆ ಹೋಗಿ ಮೆಂಟರನ್ನು ಕಾಣಿ. ನಾಲ್ಕೇ ಪ್ರಶ್ನೆ ಕೇಳಿ: ಹಾಜರಿ ಎಷ್ಟಿದೆ? ಇಂಟರ್ನಲ್ಸ್ ಎಷ್ಟು ಬಂದಿದೆ? ಯಾವುದು ಬಾಕಿ? ಮುಂದಿನ ಸೆಮಿಸ್ಟರ್‌ಗೆ ಏನು ಯೋಚಿಸಿದ್ದೀರಿ? ಇಂಗ್ಲಿಷ್ ಬರುವುದಿಲ್ಲವೆಂಬ ಸಂಕೋಚ ಬೇಡ. ಕನ್ನಡದಲ್ಲೇ ಕೇಳಿ, ಹೇಳುತ್ತಾರೆ. ಉಪ್ಪ ಊರಲ್ಲಿ ಇಲ್ಲದಿದ್ದರೆ ಉಮ್ಮ ಹೋಗಲಿ, ಮಾಮ ಹೋಗಲಿ.

ಆ ಹುಡುಗನನ್ನು ಕೂರಿಸಿಕೊಂಡು ಮೇಡಂ ಒಂದು ಪಟ್ಟಿ ಬರೆದುಕೊಟ್ಟರು. ಮೊದಲು ಗಣಿತ, ಆಮೇಲೆ ಅದರ ಮೇಲೆ ನಿಂತಿರುವ ವಿಷಯಗಳು. ತಡವಾಗುತ್ತದೆ, ಆದರೆ ದಾರಿ ಮುಚ್ಚಿಲ್ಲ. ಆ ರಾತ್ರಿ ಅವನೇ ಉಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದ. ಉಪ್ಪ ಬೈಯಲಿಲ್ಲವಂತೆ. "ಮೊದಲೇ ಹೇಳಬಾರದಿತ್ತಾ ಮೋನೆ" ಎಂದರಂತೆ.

ಮದುವೆ ಸಂಬಂಧ ಬಂದರೆ ಹತ್ತು ಕಡೆ ವಿಚಾರಿಸುವವರು ನಾವು. ಮಕ್ಕಳ ಓದಿನ ಬಗ್ಗೆ ಒಂದು ಕಡೆಯಾದರೂ ವಿಚಾರಿಸೋಣ.