ನಿಮಗಿದು ಗೊತ್ತೇ? ಅಮೆರಿಕದ ಕೌಂಟಿ ಕೋರ್ಟು, ಅಲ್ಲಿನ ವಾರಂಟು

ಅಮೆರಿಕದಲ್ಲಿರುವ ಮಗ ಟ್ರಾಫಿಕ್ ದಂಡ ಕಟ್ಟುವುದನ್ನು ಮರೆತಿದ್ದಾನೆ. ಅಲ್ಲಿನ ವರನ ಹಿಂದುಮುಂದು ವಿಚಾರಿಸಬೇಕಿದೆ. ಪೌರತ್ವದ ಅರ್ಜಿಗೆ ಹಳೆಯ ಕೇಸಿನ ನಕಲು ಬೇಕಾಗಿದೆ. ಮೂರಕ್ಕೂ ಸಾಮಾನ್ಯವಾಗಿ ತಟ್ಟಬೇಕಾದ ಬಾಗಿಲು ಸ್ಥಳೀಯ ಕೋರ್ಟಿನದು. ಅಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ?

ಎಲ್ಲಿ ಹುಡುಕಬೇಕು?

★ ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ. ಅಮೆರಿಕದಲ್ಲಿ 3,100ಕ್ಕೂ ಹೆಚ್ಚು ಕೌಂಟಿಗಳಿವೆ. ಟೆಕ್ಸಾಸ್ ಒಂದರಲ್ಲೇ 254, ಡೆಲವೇರ್‌ನಲ್ಲಿ ಮೂರೇ ಮೂರು. ಲೂಸಿಯಾನಾದಲ್ಲಿ ಕೌಂಟಿಯನ್ನು 'ಪ್ಯಾರಿಷ್' ಎನ್ನುತ್ತಾರೆ. ಕನೆಕ್ಟಿಕಟ್ 1960ರಲ್ಲೇ ಕೌಂಟಿ ಸರ್ಕಾರಗಳನ್ನು ರದ್ದು ಮಾಡಿತು.

★ 2020ರ ಜನಗಣತಿಯ ಪ್ರಕಾರ ಲಾಸ್ ಏಂಜಲೀಸ್ ಕೌಂಟಿಯ ಜನಸಂಖ್ಯೆ ಒಂದು ಕೋಟಿ. ಟೆಕ್ಸಾಸಿನ ಲವಿಂಗ್ ಕೌಂಟಿಯದು ಬರೀ 64. ಆದರೂ ಎರಡೂ ಕಡೆ ಕೋರ್ಟು ಉಂಟು, ದಾಖಲೆ ಕಾಯುವ ಕ್ಲರ್ಕ್ ಉಂಟು.

★ ಭಾರತದಲ್ಲಿ ಇ-ಕೋರ್ಟ್ಸ್ ಎಂಬ ಒಂದೇ ಜಾಲತಾಣ ತೆರೆದು ಕಲಬುರಗಿಯ ಕೇಸನ್ನೂ ನೋಡಬಹುದು, ಕೊಚ್ಚಿಯ ಕೇಸನ್ನೂ ನೋಡಬಹುದು. ಅಮೆರಿಕದ ಎಲ್ಲ ಕೌಂಟಿಗಳಿಗೆ ಅಂಥ ಸರ್ಕಾರಿ ಕಿಟಕಿ ಇಲ್ಲ.

★ ಕೆಲವು ರಾಜ್ಯಗಳು ಮಾತ್ರ ತಮ್ಮ ಮಟ್ಟಿಗೆ ಒಂದೇ ಕಿಟಕಿ ಮಾಡಿಕೊಂಡಿವೆ. ವಿಸ್ಕಾನ್ಸಿನ್ 1999ರಲ್ಲೇ ಕೇಸುಗಳ ವಿವರವನ್ನು ಅಂತರ್ಜಾಲಕ್ಕೆ ತಂದಿತು. ಮಿಸೌರಿಯಲ್ಲಿ 'ಕೇಸ್ ನೆಟ್', ಇಂಡಿಯಾನಾದಲ್ಲಿ 'ಮೈಕೇಸ್', ಮೇರಿಲ್ಯಾಂಡಿನಲ್ಲಿ 'ಕೇಸ್ ಸರ್ಚ್' ಇವೆ.

★ 'ಪೇಸರ್' ಎಂಬ ಪ್ರಸಿದ್ಧ ತಾಣದಲ್ಲಿ ಕೌಂಟಿ ಕೇಸು ಹುಡುಕಿದರೆ ಸಿಗದು. ಅದು ಫೆಡರಲ್ (ಕೇಂದ್ರ) ನ್ಯಾಯಾಲಯಗಳದು. ಪುಟಕ್ಕೆ 10 ಸೆಂಟ್ ಶುಲ್ಕ, ಸಾಮಾನ್ಯ ದಾಖಲೆಗೆ ಹೆಚ್ಚೆಂದರೆ 3 ಡಾಲರ್. ಮೂರು ತಿಂಗಳಲ್ಲಿ ಬಿಲ್ಲು 30 ಡಾಲರ್ ದಾಟದಿದ್ದರೆ ಮಾಫಿ.

★ ನ್ಯೂಯಾರ್ಕ್ ರಾಜ್ಯದ 'ಸುಪ್ರೀಂ ಕೋರ್ಟ್' ಅಲ್ಲಿನ ಅತ್ಯುನ್ನತ ನ್ಯಾಯಾಲಯವಲ್ಲ, ವಿಚಾರಣಾ ನ್ಯಾಯಾಲಯ. ಎಲ್ಲಕ್ಕೂ ಮೇಲಿನದು 'ಕೋರ್ಟ್ ಆಫ್ ಅಪೀಲ್ಸ್'.

★ ಟೆಕ್ಸಾಸಿನಲ್ಲಿ ಸಾಮಾನ್ಯವಾಗಿ ಗಂಭೀರ ಅಪರಾಧದ ಕಡತ ಡಿಸ್ಟ್ರಿಕ್ಟ್ ಕ್ಲರ್ಕ್ ಬಳಿ, ಅದಕ್ಕಿಂತ ಸಣ್ಣದು ಕೌಂಟಿ ಕ್ಲರ್ಕ್ ಬಳಿ ಇರುತ್ತದೆ. ಬರೀ ದಂಡದಲ್ಲಿ ಮುಗಿಯುವ ಟ್ರಾಫಿಕ್ ಕೇಸು ನಗರದ ಕೋರ್ಟಿನಲ್ಲೋ 'ಜಸ್ಟಿಸ್ ಆಫ್ ದಿ ಪೀಸ್' ಕೋರ್ಟಿನಲ್ಲೋ ಇರುತ್ತದೆ. ಒಂದು ಕಡೆ 'ಇಲ್ಲ' ಎಂದ ಮಾತ್ರಕ್ಕೆ ಎಲ್ಲೂ ಇಲ್ಲವೆಂದಲ್ಲ.

★ ಅಮೆರಿಕದ ವರನಿಗೆ ಮೊದಲೇ ಮದುವೆಯಾಗಿ ವಿಚ್ಛೇದನವಾಗಿದೆಯೇ? ಬಹಳಷ್ಟು ರಾಜ್ಯಗಳಲ್ಲಿ ಅವನಿದ್ದ ಕೌಂಟಿಯ ಕೋರ್ಟಿನ ಸೂಚಿಯಲ್ಲಿ ಆ ಕೇಸಿನ ಸುಳಿವು ಸಿಗುತ್ತದೆ. ನ್ಯೂಯಾರ್ಕ್ ಮಾತ್ರ ಬಿಗಿ: ಅಲ್ಲಿ ವಿಚ್ಛೇದನದ ಕಡತವನ್ನು ಕಕ್ಷಿದಾರರಿಗೆ, ಅವರ ವಕೀಲರಿಗೆ ಬಿಟ್ಟು ಬೇರೆಯವರಿಗೆ ಕೋರ್ಟಿನ ಆದೇಶವಿಲ್ಲದೆ ತೋರಿಸುವುದಿಲ್ಲ.

ಹೆಸರಿನ ಫಜೀತಿ

★ ಹುಡುಕುವ ಸುಲಭ ದಾರಿ ಕೇಸ್ ನಂಬರ್. ಸಾಮಾನ್ಯವಾಗಿ ಅದರಲ್ಲಿ ವರ್ಷ, ಕೇಸಿನ ಬಗೆ, ಕ್ರಮಸಂಖ್ಯೆ ಇರುತ್ತವೆ. ನಡುವೆ 'ಸಿಆರ್' ಇದ್ದರೆ ಬಹುತೇಕ ಕ್ರಿಮಿನಲ್, 'ಸಿವಿ' ಇದ್ದರೆ ಸಿವಿಲ್.

★ ನಂಬರ್ ಇಲ್ಲದಿದ್ದರೆ ಕುಲನಾಮವೇ ಗತಿ. ಇಲ್ಲಿ ಕನ್ನಡಿಗರಿಗೆ ಒಂದು ತೊಡಕು. ನಮ್ಮ ಇನಿಷಿಯಲ್ ಬಿಡಿಸಿದರೆ ಅಪ್ಪನ ಹೆಸರು, ಊರಿನ ಹೆಸರು ಹೊರಬೀಳುತ್ತವೆ. ಪಾಸ್‌ಪೋರ್ಟಿನಲ್ಲಿ ಯಾವುದು ಕುಲನಾಮದ ಜಾಗದಲ್ಲಿ ಕೂತಿದೆಯೋ ಕೇಸು ಅದರಡಿ ಇರಬಹುದು. ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರಿಗೆ ವೀಸಾದಲ್ಲಿ ಮೊದಲ ಹೆಸರಿನ ಕಡೆ 'ಎಫ್‌ಎನ್‌ಯು' (ಮೊದಲ ಹೆಸರು ತಿಳಿದಿಲ್ಲ) ಎಂದು ಅಚ್ಚಾಗುತ್ತದೆ. ಎಲ್ಲ ರೂಪಗಳಲ್ಲೂ ಹುಡುಕಬೇಕು.

★ ಹೆಸರು ಹೊಂದಿದರೆ ಆಳು ಅವನೇ ಎನ್ನುವಂತಿಲ್ಲ. ಜನ್ಮದಿನಾಂಕ ನೋಡಿ ಖಚಿತಪಡಿಸೋಣವೆಂದರೆ ಅದಕ್ಕೂ ಕೆಲವೆಡೆ ತಡೆ ಇದೆ. ಕೋರ್ಟಿನ ಜಾಲತಾಣದ ಕ್ರಿಮಿನಲ್ ಸೂಚಿಯಲ್ಲಿ ಜನ್ಮದಿನಾಂಕ, ಡ್ರೈವಿಂಗ್ ಲೈಸೆನ್ಸ್ ಸಂಖ್ಯೆ ಕೊಟ್ಟು ಹುಡುಕಲು ಬಿಡಕೂಡದು ಎಂದು ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ 2021ರಲ್ಲಿ ರಿವರ್‌ಸೈಡ್ ಕೌಂಟಿಯ ಪ್ರಕರಣದಲ್ಲಿ ತೀರ್ಪಿತ್ತಿತು.

ವಾರಂಟಿನ ಒಳಗುಟ್ಟು

★ ವಾರಂಟಿನ ಬೇರು ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಜಾರಿಗೆ ಬಂದ ನಾಲ್ಕನೇ ತಿದ್ದುಪಡಿಯಲ್ಲಿದೆ. ಪ್ರಮಾಣ ಮಾಡಿ ಹೇಳಿದ ತಕ್ಕ ಕಾರಣ ಬೇಕು, ಹುಡುಕುವ ಜಾಗ, ಹಿಡಿಯುವ ವ್ಯಕ್ತಿ ಅಥವಾ ವಸ್ತು ಇಂಥದ್ದೇ ಎಂದು ಬರೆದಿರಬೇಕು.

★ ತಪ್ಪು ಮಾಡಿದ ಶಂಕೆಗೆ ಬಂಧನ ವಾರಂಟ್. ಮನೆ ಜಾಲಾಡಲು ಶೋಧ ವಾರಂಟ್. ವಾಯಿದೆಗೆ ಹಾಜರಾಗದಿದ್ದರೆ, ಕೋರ್ಟಿನ ಆದೇಶ ಮೀರಿದರೆ ನ್ಯಾಯಾಧೀಶರೇ ಹೊರಡಿಸುವುದು ಬೆಂಚ್ ವಾರಂಟ್. ಟ್ರಾಫಿಕ್ ಚೀಟಿಯನ್ನು ಡ್ರಾಯರಿಗೆ ತುರುಕಿ ಮರೆತವರಿಗೆ ಗಂಟುಬೀಳುವುದು ಹೆಚ್ಚಾಗಿ ಈ ಮೂರನೆಯದು.

★ ಶೋಧ ವಾರಂಟಿಗೆ ಗಡುವು ಉಂಟು: ಫೆಡರಲ್ ನಿಯಮದಲ್ಲಿ 14 ದಿನ, ಕ್ಯಾಲಿಫೋರ್ನಿಯಾದಲ್ಲಿ 10, ಟೆಕ್ಸಾಸಿನಲ್ಲಿ ಸಾಮಾನ್ಯವಾಗಿ 3. ಬಂಧನ ವಾರಂಟಿಗೆ ಸಾಮಾನ್ಯವಾಗಿ ಗಡುವೇ ಇಲ್ಲ. ಜಾರಿಯಾಗುವವರೆಗೆ ಅಥವಾ ಕೋರ್ಟು ಹಿಂಪಡೆಯುವವರೆಗೆ ವರ್ಷಗಟ್ಟಲೆ ಬಾಕಿ ಉಳಿಯುತ್ತದೆ.

★ ಬಾಕಿ ವಾರಂಟುಗಳ ರಾಶಿ ಎಷ್ಟೆಂದು ಕೇಳಿ. 2016ರ ಅಮೆರಿಕದ ಸುಪ್ರೀಂ ಕೋರ್ಟ್ ಪ್ರಕರಣವೊಂದರ ಭಿನ್ನಮತದ ತೀರ್ಪಿನಲ್ಲಿ ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ಕೊಟ್ಟ ಲೆಕ್ಕ: ದೇಶದಲ್ಲಿ 78 ಲಕ್ಷಕ್ಕೂ ಹೆಚ್ಚು. ಬಹುಪಾಲು ಸಣ್ಣಪುಟ್ಟ ತಪ್ಪುಗಳಿಗೆ. ಮಿಸೌರಿಯ ಸೇಂಟ್ ಲೂಯಿಸ್ ಕೌಂಟಿಯ ಫರ್ಗುಸನ್ ಊರಿನ ಜನಸಂಖ್ಯೆ ಆಗ 21,000 ಇತ್ತು. ಅಲ್ಲಿನ ಕೋರ್ಟಿನ ವಾರಂಟ್ ಬಾಕಿ ಇದ್ದವರು 16,000.

★ ದೇಶದ ಪೊಲೀಸರೆಲ್ಲ ನೋಡುವ ವಾರಂಟ್ ಪಟ್ಟಿಯೊಂದು ಇದೆ. ಎಫ್‌ಬಿಐ 1967ರಲ್ಲಿ ಆರಂಭಿಸಿದ 'ಎನ್‌ಸಿಐಸಿ' ಗಣಕಕೋಶ ಅದು. ಆದರೆ ಸಾರ್ವಜನಿಕರಿಗೆ ಅದು ತೆರೆದಿಲ್ಲ. ಹಾಗಾಗಿ 'ದೇಶದ ಎಲ್ಲ ವಾರಂಟೂ ಇಲ್ಲಿವೆ' ಎನ್ನುವ ಖಾಸಗಿ ತಾಣದ ಜಾಹೀರಾತನ್ನು ನಂಬಬೇಡಿ.

★ ರಾಜ್ಯ ಮಟ್ಟದಲ್ಲಿ ಯೂಟಾ, ಫ್ಲಾರಿಡಾ ವಾರಂಟ್ ಹುಡುಕಾಟವನ್ನು ಜನರಿಗೆ ತೆರೆದಿಟ್ಟಿವೆ. ಉಳಿದ ಕಡೆ ಕೆಲವು ಶೆರಿಫ್ (ಕೌಂಟಿ ಪೊಲೀಸ್) ಕಚೇರಿಗಳು ಪಟ್ಟಿ ಹಾಕುತ್ತವೆ, ಕೆಲವು ಹಾಕುವುದಿಲ್ಲ.

★ ವಲಸೆ ಇಲಾಖೆಯ ಆಡಳಿತಾತ್ಮಕ ವಾರಂಟ್ ಕೌಂಟಿ ಕೋರ್ಟಿನಲ್ಲಿ ಹುಡುಕಿದರೆ ಸಿಗದು. ಅದಕ್ಕೆ ಸಹಿ ಹಾಕುವವರು ನ್ಯಾಯಾಧೀಶರಲ್ಲ, ವಲಸೆ ಅಧಿಕಾರಿ.

ಗಣಕ ತಪ್ಪಿದಾಗ

★ 2004ರಲ್ಲಿ ಅಲಬಾಮಾದ ಕಾಫಿ ಕೌಂಟಿ ಪೊಲೀಸರು ಒಬ್ಬನ ಬಗ್ಗೆ ಪಕ್ಕದ ಡೇಲ್ ಕೌಂಟಿಗೆ ಫೋನ್ ಮಾಡಿದರು. 'ವಾರಂಟ್ ಇದೆ' ಎಂಬ ಉತ್ತರ ಬಂತು. ಹಿಡಿದರು, ಮಾದಕವಸ್ತು, ಪಿಸ್ತೂಲು ಸಿಕ್ಕವು. ಸ್ವಲ್ಪ ಹೊತ್ತಿಗೆ ಮತ್ತೊಂದು ಫೋನ್: ಆ ವಾರಂಟ್ ಐದು ತಿಂಗಳ ಹಿಂದೆಯೇ ರದ್ದಾಗಿದೆ, ಗಣಕದಲ್ಲಿ ಅಳಿಸಿರಲಿಲ್ಲ! 2009ರಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಆ ಸಾಕ್ಷ್ಯವನ್ನು ಒಪ್ಪಿಕೊಂಡಿತು.

★ ಬೆಂಕಿಯೂ ದಾಖಲೆಯ ಶತ್ರು. 1871ರ ಶಿಕಾಗೊ ಮಹಾಬೆಂಕಿಯಲ್ಲಿ ಕುಕ್ ಕೌಂಟಿಯ ನ್ಯಾಯಾಲಯ ಸುಟ್ಟು, ಹಳೆಯ ಕಡತಗಳೂ ಬೂದಿಯಾದವು.

★ ಉಳಿದು ಬಂದವೂ ಇವೆ. ಮ್ಯಾಸಚೂಸೆಟ್ಸಿನ ಎಸೆಕ್ಸ್ ಕೌಂಟಿಯ ಸೇಲಂನಲ್ಲಿ ಮಾಟಗಾತಿಯರೆಂದು ಮೂವರು ಹೆಂಗಸರ ಮೇಲೆ ಮೊದಲ ಬಂಧನ ವಾರಂಟುಗಳು ಹೊರಟದ್ದು 1692ರ ಫೆಬ್ರವರಿ 29ರಂದು. ಆ ಪ್ರಕರಣಗಳ ಕಾಗದಪತ್ರಗಳನ್ನು ಇಂದು ಮನೆಯಲ್ಲೇ ಕೂತು ಅಂತರ್ಜಾಲದಲ್ಲಿ ಓದಬಹುದು.

ಕಾಣದ ಕಡತಗಳು

★ ಕೋರ್ಟಿನ ದಾಖಲೆ ನೋಡುವ, ನಕಲು ಪಡೆಯುವ ಹಕ್ಕು ಸಾರ್ವಜನಿಕರಿಗೆ ಇದೆಯೆಂದು ಅಮೆರಿಕದ ಸುಪ್ರೀಂ ಕೋರ್ಟ್ 1978ರಲ್ಲಿ ಹೇಳಿತು, ಆದರೆ ಅದಕ್ಕೆ ಮಿತಿ ಉಂಟೆಂದೂ ಸೇರಿಸಿತು. ಬಾಲಾಪರಾಧಿಗಳ ಕಡತ, ನ್ಯಾಯಾಧೀಶರು ಮೊಹರು ಹಾಕಿದ ಕಡತ, ಇನ್ನೂ ಜಾರಿಯಾಗದ ಶೋಧ ವಾರಂಟ್ ಸಾಮಾನ್ಯವಾಗಿ ಸಿಗವು.

★ ಕ್ಯಾಲಿಫೋರ್ನಿಯಾದಲ್ಲಿ ಕ್ರಿಮಿನಲ್ ಕೇಸಿನ ಕಾಗದಪತ್ರ ಜನರಿಗೆ ಮನೆಯ ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲ. ಅಲ್ಲಿನ 58 ಕೌಂಟಿಗಳ ಪೈಕಿ ಕೇಸು ಯಾವುದರಲ್ಲಿದೆಯೋ ಆ ಕೋರ್ಟಿಗೇ ಹೋಗಬೇಕು.

★ ಇದ್ದ ದಾಖಲೆ ಮಾಯವಾಗುವುದೂ ಉಂಟು. ಪೆನ್ಸಿಲ್ವೇನಿಯಾ 2018ರಲ್ಲಿ 'ಕ್ಲೀನ್ ಸ್ಲೇಟ್' ಕಾನೂನು ತಂದು, ಹಳೆಯ ಸಣ್ಣ ಅಪರಾಧಗಳ ಕಡತಗಳಿಗೆ ತನ್ನಷ್ಟಕ್ಕೇ ಮೊಹರು ಬೀಳುವ ಏರ್ಪಾಡು ಮಾಡಿದ ಮೊದಲ ರಾಜ್ಯವಾಯಿತು.

★ ಶಿಕ್ಷೆಯಾಗದ ಬಂಧನ ಏಳು ವರ್ಷಕ್ಕಿಂತ ಹಳೆಯದಾದರೆ, ಹಿನ್ನೆಲೆ ತಪಾಸಣೆ ಕಂಪನಿಗಳು ಸಾಮಾನ್ಯವಾಗಿ ಅದನ್ನು ಉದ್ಯೋಗದಾತರಿಗೆ ವರದಿ ಮಾಡುವಂತಿಲ್ಲ. ಇದು 1970ರ ಫೆಡರಲ್ ಕಾನೂನು. ವರ್ಷಕ್ಕೆ 75,000 ಡಾಲರ್ ಅಥವಾ ಹೆಚ್ಚು ಸಂಬಳದ ಕೆಲಸಕ್ಕೆ ಈ ರಕ್ಷಣೆ ಇಲ್ಲ.

★ ಪೌರತ್ವಕ್ಕೆ ಅರ್ಜಿ ಹಾಕುವವರು ವಜಾ ಆದ ಕೇಸನ್ನೂ ಮುಚ್ಚಿಡುವಂತಿಲ್ಲ. ಕೇಸು ಹೇಗೆ ಮುಗಿಯಿತೆಂಬುದಕ್ಕೆ ಕೋರ್ಟ್ ಕ್ಲರ್ಕ್ ಕೊಡುವ ದೃಢೀಕೃತ ಪ್ರತಿ ಬೇಕಾಗುತ್ತದೆ. ಪರದೆಯ ಫೋಟೊ ತೆಗೆದಿಟ್ಟುಕೊಂಡರೆ ಸಾಲದು.

ಎಚ್ಚರಿಕೆಗಳು

★ 'ನೀವು ಜ್ಯೂರಿ ಕೆಲಸಕ್ಕೆ ಬರಲಿಲ್ಲ, ವಾರಂಟ್ ಹೊರಟಿದೆ, ಈಗಲೇ ಗಿಫ್ಟ್ ಕಾರ್ಡಿನಲ್ಲಿ ಹಣ ಕಟ್ಟಿ' ಎಂದು ಶೆರಿಫ್ ಹೆಸರಿನಲ್ಲಿ ಫೋನ್ ಬಂದರೆ ಅದು ಶುದ್ಧ ಮೋಸ. ಯಾವ ಕೋರ್ಟೂ ಗಿಫ್ಟ್ ಕಾರ್ಡ್ ಕೇಳುವುದಿಲ್ಲ.

★ 'ನನ್ನ ಮೇಲೆ ವಾರಂಟ್ ಇದೆಯೇ?' ಎಂದು ಶೆರಿಫ್ ಕಚೇರಿಗೆ ಖುದ್ದು ಹೋಗಿ ಕೇಳಿದರೆ, ಇದ್ದ ಪಕ್ಷದಲ್ಲಿ ಅಲ್ಲೇ ಬಂಧಿಸಬಹುದು. ವಕೀಲರು ನಿಮ್ಮ ಪರವಾಗಿ ವಿಚಾರಿಸಬಹುದು, ವಾರಂಟ್ ಹಿಂಪಡೆಯುವಂತೆ ಅರ್ಜಿಯನ್ನೂ ಹಾಕಬಹುದು.

ಇಷ್ಟು ನೆನಪಿಡಿ: ಮೊದಲು ಕೌಂಟಿ ಯಾವುದೆಂದು ಗೊತ್ತು ಮಾಡಿಕೊಳ್ಳಿ, ಆಮೇಲೆ ಯಾವ ಕೋರ್ಟು, ಯಾವ ಕ್ಲರ್ಕ್ ಎಂದು ನೋಡಿ. ಕ್ಲರ್ಕಿನ ಅಧಿಕೃತ ತಾಣದಲ್ಲಿ ಹುಡುಕಿ, ಕೇಸ್ ನಂಬರ್ ಬರೆದುಕೊಳ್ಳಿ, ಅದೇ ವ್ಯಕ್ತಿಯೇ ಎಂದು ಎರಡನೇ ಆಧಾರದಿಂದ ಖಚಿತಪಡಿಸಿಕೊಳ್ಳಿ. ಹಣ ಕೇಳುವ ಖಾಸಗಿ ತಾಣ ಕೊನೆಗಿರಲಿ. ಪರದೆಯ ಮೇಲೆ ಹೆಸರು ಕಂಡಿತೆಂದು ಯಾರನ್ನೂ ಅಪರಾಧಿ ಎನ್ನಬೇಡಿ, ಕಾಣಲಿಲ್ಲವೆಂದು ನಿಶ್ಚಿಂತರೂ ಆಗಬೇಡಿ.