ವಿಟಮಿನ್ ಡಿಗೆ ಮೂತ್ರಪಿಂಡದ ಕಡಿವಾಣ

ಬೀದರಿನ ಬಿಸಿಲಲ್ಲಿ ದಿನವಿಡೀ ದುಡಿದರೂ ವಿಟಮಿನ್ ಡಿ ಮಿತಿಮೀರುವುದಿಲ್ಲ, ಮಾತ್ರೆ ಹೆಚ್ಚಾದರೆ ಮಾತ್ರ ಅಪಾಯ ಎನ್ನುತ್ತಾರೆ. ಏಕೆ?
– ಓದುಗರು, ಮೈಲೂರ, ಬೀದರ್

ಬಿಸಿಲಿಗೆ ಚರ್ಮದಲ್ಲಿ ಹುಟ್ಟುವ ವಿಟಮಿನ್ ಡಿ ಹಾಗೆಯೇ ಕೆಲಸಕ್ಕೆ ಬರುವುದಿಲ್ಲ. ಯಕೃತ್ತು ಅದನ್ನು ದಾಸ್ತಾನು ರೂಪಕ್ಕೆ ತರುತ್ತದೆ, ಮೂತ್ರಪಿಂಡದ ಜೀವಕೋಶಗಳು ಕ್ಯಾಲ್ಸಿಟ್ರಿಯಾಲ್ ಎಂಬ ಸಕ್ರಿಯ ಹಾರ್ಮೋನಾಗಿ ಬದಲಿಸುತ್ತವೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಗಳು ಹಾರ್ಮೋನು ಸುರಿಸುತ್ತವೆ. ಆಗ ಮೂತ್ರಪಿಂಡದಲ್ಲಿ ಸಿವೈಪಿ27ಬಿ1 ಎಂಬ ಜೀನ್ ಚುರುಕಾಗಿ ಕ್ಯಾಲ್ಸಿಟ್ರಿಯಾಲ್ ತಯಾರಾಗುತ್ತದೆ, ಕರುಳು ಊಟದಿಂದ ಹೆಚ್ಚು ಕ್ಯಾಲ್ಸಿಯಂ ಹೀರುತ್ತದೆ. ಸಾಕಷ್ಟಾದ ಮೇಲೆ ಅದೇ ಕ್ಯಾಲ್ಸಿಟ್ರಿಯಾಲ್ ಮೂತ್ರಪಿಂಡದ ಕೋಶಕೇಂದ್ರಕ್ಕೆ ಹೊಕ್ಕು, ತನ್ನ ಗ್ರಾಹಕ ಪ್ರೋಟೀನಿನೊಂದಿಗೆ ಡಿಎನ್‌ಎ ಮೇಲೆ ಕೂರುತ್ತದೆ. ತನ್ನನ್ನು ತಯಾರಿಸುವ ಜೀನನ್ನು ತಗ್ಗಿಸಿ, ತನ್ನನ್ನೇ ಒಡೆದುಹಾಕುವ ಸಿವೈಪಿ24ಎ1 ಜೀನನ್ನು ಎಬ್ಬಿಸುತ್ತದೆ. ಟ್ಯಾಂಕಿನ ನೀರು ಏರಿದಾಗ ತೇಲುವ ಚೆಂಡು ತಾನೇ ನಲ್ಲಿ ಮುಚ್ಚುವಂತೆ ಇದು.

ಇಷ್ಟು ಬಿಗಿ ಇದ್ದರೆ ಮಾತ್ರೆಗೇಕೆ ಹೆದರಬೇಕು ಎಂದು ಕೇಳಬಹುದು. ಬಿಸಿಲು ಹೆಚ್ಚಾದರೆ ಚರ್ಮವೇ ಹೆಚ್ಚುವರಿಯನ್ನು ನಿಷ್ಕ್ರಿಯ ವಸ್ತುಗಳಾಗಿ ಮಾರ್ಪಡಿಸುತ್ತದೆ. ಮಾತ್ರೆ, ಚುಚ್ಚುಮದ್ದುಗಳಿಗೆ ಆ ತಡೆಯಿಲ್ಲ. ಯಕೃತ್ತಿನ ಹಂತದಲ್ಲೂ ನಿಯಂತ್ರಣ ಸಡಿಲ. ದಾಸ್ತಾನು ರೂಪ ವಿಪರೀತವಾದರೆ ಅದೇ ಗ್ರಾಹಕಕ್ಕೆ ಅಂಟಿ ಕೆಲಸ ಶುರುಮಾಡುತ್ತದೆ. ರಕ್ತದ ಕ್ಯಾಲ್ಸಿಯಂ ಏರಿ, ಕಾವಲಿಗಿದ್ದ ಮೂತ್ರಪಿಂಡಕ್ಕೇ ಪೆಟ್ಟು ಬೀಳುತ್ತದೆ. ಹಾಗೆಂದು ಮಾತ್ರೆಯೇ ಬೇಡವೆಂದಲ್ಲ. ಮನೆ, ಕಚೇರಿಯೊಳಗೇ ಇರುವವರಿಗೆ ಬಿಸಿಲೂರಿನಲ್ಲೂ ಕೊರತೆಯಾಗುತ್ತದೆ. ಮೂತ್ರಪಿಂಡ ಸೋತವರಿಗಂತೂ ವೈದ್ಯರು ಕ್ಯಾಲ್ಸಿಟ್ರಿಯಾಲನ್ನೇ ಬರೆದುಕೊಡುವುದುಂಟು. ಆದ್ದರಿಂದ ರಕ್ತಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದಷ್ಟೇ ದಿನ, ಹೇಳಿದಷ್ಟೇ ಪ್ರಮಾಣದಲ್ಲಿ ತೆಗೆದುಕೊಳ್ಳಿ.